ಒಂದೂಮುಕ್ಕಾಲು ಮನೆ

"ನಿಮ್ಮದು ಎಷ್ಟು ಮನೆ?"

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ 'ಕೋಣೆ ಬಾಡಿಗೆಗಿದೆ' ಎಂಬ ಬೋರ್ಡು ಕಂಡು, ಗೇಟು ತೆಗೆದು ಒಳಗೆ ಕಾಲಿಟ್ಟಾಗ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಕೇಳಿದವರು ಜಗುಲಿಯ ಮೇಲೆ ವೀಣೆಯ ಪಕ್ಕ ಕುಳಿತಿದ್ದ ಹಿರಿಯ ಹೆಂಗಸು. ಕೇಳಿದ್ದು ನನ್ನನ್ನಲ್ಲ, ಎದುರಿಗೆ ಚಾಪೆಯ ಮೇಲಿದ್ದ ಇನ್ನೊಬ್ಬಾಕೆಯನ್ನು. "ಐದೂವರೆ ಇತ್ತು ಟೀಚರ್. ಗಂಟಲು ಕೆಟ್ಟು ಈಗ ಐದಕ್ಕೆ ಇಳಿದಿದೀನಿ" ಎಂದು ಆಕೆ ನಗುನಗುತ್ತಲೇ ಹೇಳಿದಳು. ಬೆಂಗಳೂರಿನವರು ಅನುಕೂಲಸ್ಥರು ಎಂದು ಕೇಳಿದ್ದೆ. ಆದರೆ ಅರ್ಧ ಮನೆ ಕೈಬಿಟ್ಟರೂ ನಗುವಷ್ಟು ಅನುಕೂಲಸ್ಥರು ಎಂದು ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಹಿರಿಯರು ನನ್ನ ಕಡೆ ತಿರುಗಿ, "ನಿಮ್ಮದಮ್ಮಾ?" ಎಂದರು.

ನಾನು ಟ್ರಂಕು ಕೆಳಗಿಟ್ಟು, "ನಂಗ ಒಂದ ಮನಿ ಸಾಕ್ರೀ. ಇರಾಕಿ ನಾ ಒಬ್ಬಾಕಿನ" ಎಂದೆ.

ಇಬ್ಬರೂ ಬಿದ್ದು ಬಿದ್ದು ನಕ್ಕರು. ಹುಬ್ಬಳ್ಳಿಯ ನನ್ನವರೇ, ನೀವು ಹೀಗೆ ಮೋಸ ಹೋಗದಿರಲಿ ಎಂದು ಹೇಳುತ್ತೇನೆ: ಇಲ್ಲಿನ ಸಂಗೀತದವರು ಶ್ರುತಿಯನ್ನು ಮನೆಯಲ್ಲಿ ಎಣಿಸುತ್ತಾರೆ. ನಮ್ಮ ಭಜನೆಯವರು ಹಾರ್ಮೋನಿಯಂ ಮೇಲೆ ಬೆರಳಿಟ್ಟು 'ಕರಿ ಒಂದು, ಬಿಳಿ ಎರಡು' ಎನ್ನುತ್ತಾರಲ್ಲ, ಅದನ್ನೇ ಇವರು 'ಒಂದೂವರೆ ಮನೆ, ಎರಡು ಮನೆ' ಎನ್ನುತ್ತಾರೆ. ನಾನೂ ಪಾಠಕ್ಕೆ ಸೇರಲು ಬಂದವಳೆಂದು ಅವರು ತಿಳಿದಿದ್ದರು. ಆ ನಗುವಿನ ಪುಣ್ಯದಿಂದಲೇ ಹಿತ್ತಲಿನ ಕೋಣೆ ನನ್ನದಾಯಿತು. ಮನೆಯ ಒಡತಿಯ ಹೆಸರು ಕನಕಮ್ಮ. ಬೀದಿಗೆಲ್ಲ ಅವರು ಟೀಚರ್. ನನಗೂ ಹಾಗೇ ಆದರು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಸರ್ಕಾರಿ ಕಚೇರಿಯೊಂದರಲ್ಲಿ ರಸ್ತೆ, ಸೇತುವೆಗಳ ನಕ್ಷೆ ಬರೆಯುವ ಕೆಲಸ ಸಿಕ್ಕಿ ಬಂದಿದ್ದೆ. ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮೇಲೆ ಲೋಹ ಕಡೆಯುವ ಟರ್ನರ್. ನಾನಿನ್ನೂ ಚಿಕ್ಕವಳಿದ್ದಾಗ ಪಕ್ಕದ ಮನೆಯ ಆಂಗ್ಲೋ-ಇಂಡಿಯನ್ ಗಾರ್ಡ್ ಒಬ್ಬರು ಆಸ್ಟ್ರೇಲಿಯಾಕ್ಕೆ ಹೊರಟವರು, ತಮ್ಮ ಕರೆಂಟಿನ ಗ್ರಾಮಫೋನ್ ಯಂತ್ರವನ್ನೂ ಒಂದೇ ಒಂದು ಅರಗಿನ ಪ್ಲೇಟನ್ನೂ ಅಪ್ಪನ ಕೈಯಲ್ಲಿಟ್ಟು ಹೋದರು. ಪ್ಲೇಟಿನಲ್ಲಿದ್ದದ್ದು ಜಾಝ್, ಅಮೆರಿಕದ ಕಪ್ಪುಜನರು ಕಟ್ಟಿದ ಸಂಗೀತ. ಮೂರು ನಿಮಿಷ ಒಬ್ಬ ಟ್ರಂಪೆಟ್ ಊದುತ್ತಾನೆ, ಹಿಂದೆ ಪಿಯಾನೋ. ಅವನ ಹೆಸರು ನಮ್ಮ ಬಾಯಲ್ಲಿ ನಿಲ್ಲದೆ ಅವನು ನಮಗೆ ತುತ್ತೂರಿ ಮಾಮಾ ಆದ. ಭಾನುವಾರ ಎಣ್ಣೆ ಸ್ನಾನ ಮುಗಿಸಿ, ತಲೆಗೆ ಪಂಚೆ ಸುತ್ತಿಕೊಂಡು ಅಪ್ಪ ಆ ಪ್ಲೇಟು ಹಾಕಿದರೆ ಅಮ್ಮ ರೊಟ್ಟಿ ಬಡಿಯುವುದನ್ನೂ ಅದರ ತಾಳಕ್ಕೇ ಹೊಂದಿಸುತ್ತಿದ್ದಳು.

ನಾನು ಹೊರಟಾಗ ಅಪ್ಪ ಆ ಪ್ಲೇಟನ್ನು ಇಳಕಲ್ ಸೀರೆಯಲ್ಲಿ ಸುತ್ತಿ ಕೊಟ್ಟರು. "ಹೊಸಾ ಊರಾಗ ಬ್ಯಾಸರ ಆಗತೈತಿ. ಯಂತ್ರ ನೀ ಒಂದ ತಗೋ. ಮಾಮಾ ನಿನ್ನ ಸಂಗಾಟ ಇರ್ಲಿ" ಎಂದರು. ಅಪ್ಪ ಯಾರಿಗೂ ಮುಟ್ಟಲು ಕೊಡದ ಒಂದೇ ವಸ್ತು ಅದು.

ಕಲಾಸಿಪಾಳ್ಯದಲ್ಲಿ ಬೆಳಿಗ್ಗೆ ಬಸ್ಸಿನಿಂದ ಇಳಿದೆ. ತರಕಾರಿ ಮೂಟೆಗಳು, ಆಟೋಗಳು, ನಾಲ್ಕು ಭಾಷೆಗಳ ಕೂಗು. ಎತ್ತ ಹೋಗುವುದೆಂದು ತೋಚದೆ, ಕೈಯಲ್ಲಿದ್ದ ಬಟ್ಟೆಯ ಗಂಟಿನ ಮೇಲೆ ಕುಳಿತುಬಿಟ್ಟೆ. ಚಟ್ ಎಂದಿತು. ಪ್ಲೇಟು ಆ ಗಂಟಿನಲ್ಲಿತ್ತು. ಬಿಚ್ಚಿ ನೋಡಿದರೆ ನಾಲ್ಕು ತುಂಡು. ಯಾರನ್ನೂ ಬಯ್ಯುವಂತಿರಲಿಲ್ಲ, ಮುರಿದವಳು ನಾನೇ. ಬೆಂಗಳೂರಿನ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸ ಅದು. ಅಂದು ಸಂಜೆ ಅಪ್ಪನಿಗೆ ಬರೆದ ಕಾರ್ಡಿನಲ್ಲಿ, 'ಎಲ್ಲ ಸುರಕ್ಷಿತ ಮುಟ್ಟಿದೆ' ಎಂದು ಬರೆದೆ.

ಅಪ್ಪನಿಗೆ ತಿಳಿಯುವ ಮೊದಲು ಅದೇ ಹಾಡನ್ನು ಹುಡುಕಿ ತರಬೇಕು. ಈ ಊರಿನಲ್ಲಿ ನಾನು ದಾರಿ ಕಲಿತದ್ದೆಲ್ಲ ಆ ಹಟದಿಂದ.

ದಾರಿಗಿಂತ ಮಾತು ಕಷ್ಟವಾಯಿತು. ಕನ್ನಡದವಳಿಗೆ ಕನ್ನಡದ ಊರಿನಲ್ಲಿ ಏನು ಕಷ್ಟ ಎನ್ನಬೇಡಿ. ಗಾಂಧಿಬಜಾರಿನ ಹೋಟೆಲಿನಲ್ಲಿ ಹಸಿವಾಗಿ "ಒಂದು ಪ್ಲೇಟ್ ಒಗ್ಗರಣೆ" ಎಂದೆ. ನಮ್ಮಲ್ಲಿ ಒಗ್ಗರಣೆ ಎಂದರೆ ಖಾರ ಹಚ್ಚಿದ ಮಂಡಕ್ಕಿ, ಪಕ್ಕದಲ್ಲಿ ಮಿರ್ಚಿ ಭಜಿ. ಮಾಣಿ ತಬ್ಬಿಬ್ಬಾಗಿ, "ಯಾವುದಕ್ಕೆ ಮೇಡಂ ಒಗ್ಗರಣೆ?" ಎಂದ. ಇಲ್ಲಿ ಒಗ್ಗರಣೆ ಸಾಸಿವೆ ಸಿಡಿದ ಮೇಲೆ ಮುಗಿಯಿತು. ಶೇಂಗಾ ಕೇಳಿದರೆ ಅಂಗಡಿಯವರು ಯೋಚಿಸಿ ಕಡ್ಲೆಕಾಯಿ ಬೀಜ ಕೊಡುತ್ತಾರೆ. ನಾವು 'ರೀ' ಹಚ್ಚಿ ಆಡುವ ಮಾತನ್ನು ಕಚೇರಿಯವರು ಜಗಳ ಎಂದುಕೊಂಡರು. ಅವರು ಬಾಲ ಕತ್ತರಿಸಿ ಆಡುವ ಮಾತನ್ನು ನಾನು ಸೊಕ್ಕು ಎಂದುಕೊಂಡೆ. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಭಾನುವಾರ ಎಣ್ಣೆ ಹಚ್ಚಿಕೊಂಡು ಕೋಣೆಯಲ್ಲಿ ಕುಳಿತರೆ ಆ ಮೌನಕ್ಕೆ ಅಳು ಬರುತ್ತಿತ್ತು.

ಅವೆನ್ಯೂ ರಸ್ತೆಯ ಸಂದಿಯಲ್ಲಿ ಹಳೆಯ ಪ್ಲೇಟು ಮಾರುವ ಮುದುಕರೊಬ್ಬರು ಸಿಕ್ಕರು. ಎಲ್ಲರೂ ಅವರನ್ನು ಭಾಯಿ ಎನ್ನುತ್ತಿದ್ದರು. ಲೇಬಲ್ಲು ಇದ್ದ ತುಂಡನ್ನು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, "ಇದು ಒರಿಜಿನಲ್ ಸಿಗಲ್ಲಮ್ಮ. ಆದರೆ ಇದೇ ಹಾಡು ಮತ್ತೆ ಮತ್ತೆ ಬಂದಿದೆ. ಒಂದ್ಸಲ ಎಲ್‌ಪಿ, ಒಂದ್ಸಲ ಕ್ಯಾಸೆಟ್ಟು. ಹುಡುಕೋಣ, ಜಲ್ದಿ ಮಾಡ್ಬೇಡಿ" ಎಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಎಲ್‌ಪಿ ಬಂತು. ಅಪ್ಪನದರಂಥದೇ ಯಂತ್ರವೂ ಅವರಲ್ಲೇ ಸಿಕ್ಕಿತು. ಅದೇ ಕಂಪನಿ, ಅದೇ ಹಸಿರು ಮುಚ್ಚಳ.

ಮುಳ್ಳು ಇಳಿಸಿದೆ. ಮಾಮಾ ಊದಿದ. ಅವನೇ, ಆದರೆ ನಮ್ಮವನಲ್ಲ. ಏನೋ ಜೋಲುಮುಖ, ಊಟ ಮಾಡದೆ ಬಂದವನ ಹಾಗೆ.

ಎಲ್‌ಪಿ ಮಾಡಿದವರ ತಪ್ಪು ಎಂದುಕೊಂಡೆ. ಎರಡು ವರ್ಷದ ಮೇಲೆ ಕ್ಯಾಸೆಟ್ಟು ಬಂತು. ಅದರಲ್ಲಿ ಗುಂಯ್ ಎಂಬ ಸದ್ದು ಜಾಸ್ತಿ, ಮಾಮಾ ಬಾವಿಯೊಳಗಿಂದ ಊದಿದಂತೆ ಪ್ರತಿಧ್ವನಿ ಬೇರೆ. ಕಚೇರಿಗೆ ಕಂಪ್ಯೂಟರ್ ಬಂದು ನಾನು ನಕ್ಷೆಯ ಹಲಗೆ ಬಿಟ್ಟು ಇಲಿ ಹಿಡಿಯುವ ಕಾಲಕ್ಕೆ ಸಿ.ಡಿ. ಬಂತು. ಅದನ್ನು ಎಷ್ಟು ತೊಳೆದಿದ್ದರೆಂದರೆ ಕರಕರ ಸದ್ದಿನ ಜೊತೆಗೆ ಎರಡನೆಯ ಸುತ್ತಿನ ಮೊದಲು ಮಾಮಾ ಎಳೆಯುವ ಉಸಿರನ್ನೂ ತೊಳೆದುಬಿಟ್ಟಿದ್ದರು. ಆ ಉಸಿರಿಗಾಗಿ ನಾನು ಚಿಕ್ಕಂದಿನಲ್ಲಿ ಕಾಯುತ್ತಿದ್ದೆ. ಎಲ್‌ಪಿಯಲ್ಲಿ ಉಸಿರಿದೆ, ಸಿ.ಡಿ.ಯಲ್ಲಿ ಪಿಯಾನೋ ಇದೆ, ಕ್ಯಾಸೆಟ್ಟಿನಲ್ಲಿ ಎರಡೂ ಇಲ್ಲ. ಇಷ್ಟು ಭೇದ ಇದ್ದರೂ ಮೂರರಲ್ಲಿಯೂ ಆ ಜೋಲುಮುಖ ಮಾತ್ರ ಒಂದೇ. ಕೈಯಲ್ಲಿ ಚೀಟಿ ಇಟ್ಟುಕೊಂಡು ಒಂದೊಂದನ್ನೇ ಹಾಕಿ ಹೋಲಿಸುವುದು ನನ್ನ ಭಾನುವಾರದ ಕೆಲಸವಾಯಿತು. ಅಳು ಯಾವಾಗ ನಿಂತಿತೋ ನೆನಪಿಲ್ಲ.

ಒಂದು ಭಾನುವಾರ ಟೀಚರ್ ಹಿತ್ತಲಿಗೆ ಬಂದರು. ಸೊಂಟಕ್ಕೆ ಸೆರಗು ಬಿಗಿದಿದ್ದರು.

"ಏನ್ರೀ ಸುಮಂಗಲಾ, ಬೆಳಿಗ್ಗೆಯಿಂದ ಅದೇ ಹಾಡು ಆರು ಸಲ! ಯಾರಿಗೆ ಪಾಠ ಮಾಡ್ತಿದೀರಾ?"

ಮುರಿದ ಪ್ಲೇಟಿನ ಕಥೆಯನ್ನು ಅಂದು ಮೊದಲ ಸಲ ಒಬ್ಬರ ಮುಂದೆ ಹೇಳಿದೆ. ಹೇಳಿ, ಮೂರೂ ಕಡೆ ಏನೋ ತಪ್ಪಿದೆ ಎಂದೆ. ಅವರು ಕಣ್ಣು ಮುಚ್ಚಿ ಮೂರನ್ನೂ ಕೇಳಿದರು.

"ಮೂರೂ ಒಂದೂವರೆ ಮನೆ. ಕೂದಲೆಳೆ ಅಲ್ಲಾಡಿಲ್ಲ. ನಿಮ್ಮನೇಲಿ ಹೇಗಿತ್ತು, ಹಾಡಿ."

ಹಾಡುವುದು ನನಗೆ ಬಾರದು, ಗುನುಗಿದೆ. ಅಷ್ಟು ಭಾನುವಾರ ಕೇಳಿದ್ದು ಗಂಟಲಿನಲ್ಲಿ ತಾನೇ ಕುಳಿತಿತ್ತು. ಟೀಚರ್ ಶ್ರುತಿಪೆಟ್ಟಿಗೆಯಲ್ಲಿ ಒಂದೂವರೆ ಹಿಡಿದರು, ಸೇರಲಿಲ್ಲ. ಎರಡು ಹಿಡಿದರು, ಅದೂ ಸೇರಲಿಲ್ಲ. ಮತ್ತೆ ಹಾಡಿ ಎಂದರು. ನನ್ನ ದನಿ ಅದೇ ಜಾಗಕ್ಕೆ ಹೋಗಿ ನಿಂತಿತು. ಆಗ ನನ್ನನ್ನು ಜಗುಲಿಗೆ ಕರೆದೊಯ್ದು ವೀಣೆ ತೆಗೆದು, ಬಿರಡೆಯನ್ನು ಚೂರೇ ಚೂರು ತಿರುಗಿಸಿ ಮೀಟಿದರು. ತಂತಿ ನನ್ನ ದನಿಯ ಜೊತೆ ಕೂಡಿಕೊಂಡಿತು. ಅದು ನಮ್ಮ ಕ್ವಾರ್ಟರ್ಸಿನ ಪಡಸಾಲೆ.

"ಒಂದೂಮುಕ್ಕಾಲು ಮನೆ!" ಟೀಚರ್ ಜೋರಾಗಿ ನಕ್ಕರು. "ಅಂಥ ಮನೆ ಹಾರ್ಮೋನಿಯಂನಲ್ಲಿ ಇಲ್ವಲ್ರೀ. ನಿಮ್ಮ ಮಾಮಾ ಎರಡು ಮನೆ ಮಧ್ಯದ ಗೋಡೆ ಮೇಲೆ ಕೂತಿದಾನೆ."

"ಹಂಗಾರ ನಮ್ಮಪ್ಪನ ಪ್ಲೇಟ ತಪ್ಪು ಅಂತೀರೇನ್ರೀ?" ಸಿಟ್ಟು ತಡೆಯಲಾಗಲಿಲ್ಲ.

"ತಪ್ಪು ಅನ್ನಲ್ಲ. ವೀಣೆಗೆ ಎಲ್ಲಿ ಬೇಕಾದ್ರೂ ಮನೆ ಮಾಡ್ಬಹುದು. ಪೆಟ್ಟಿಗೆಗೆ ಆಗಲ್ಲ ಅಷ್ಟೇ."

ಆ ವಾರವೇ ಅಪ್ಪನ ಕಾಗದ ಬಂತು. ನಿವೃತ್ತಿ ಆಯಿತು, ಬರುತ್ತೇನೆ, ನಿನ್ನ ಕೋಣೆಯಲ್ಲಿ ಕುಳಿತು ಮಾಮಾನನ್ನು ಕೇಳುತ್ತೇನೆ ಎಂದು. ಇಷ್ಟು ವರ್ಷ ರಜೆಗೆ ಹೋದಾಗಲೆಲ್ಲ ಅವರು "ಮಾಮಾ ಆರಾಮ ಅದಾನಿಲ್ಲ?" ಎಂದು ಕೇಳುವುದು, ನಾನು "ಆರಾಮ ಅದಾನ" ಎನ್ನುವುದು. ಒಂದು ಕಾರ್ಡಿನ ಸುಳ್ಳು ಅಷ್ಟುದ್ದ ಬೆಳೆದಿತ್ತು. ಕ್ಷಮೆ ಕೇಳುವುದಕ್ಕಿಂತ, ಅವರು ಕೊಟ್ಟ ನಂಬಿಕೆಯನ್ನೇ ಕುಳಿತು ಮುರಿದೆ ಎಂದು ಒಪ್ಪಿಕೊಳ್ಳಲು ನನಗೆ ಹೆದರಿಕೆಯಾಗಿತ್ತು.

ಅಪ್ಪ ಬಂದರು. ಎರಡು ಡಜನ್ ಕಡಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಕಾಲಲ್ಲಿ ಹೊಸ ಚಪ್ಪಲಿ. ಟೀಚರ್ ಕೊಟ್ಟ ಕಾಫಿಯನ್ನು ಊದಿ ಊದಿ ಕುಡಿದು, ಕೋಣೆಗೆ ಬಂದು ಯಂತ್ರದ ಮುಚ್ಚಳ ಸವರಿ, "ಹಚ್ಚು" ಎಂದರು.

ಎಲ್‌ಪಿ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಕೈ ಅದರ ಕಡೆ ಹೋಗಿಯೂ ಇತ್ತು. ಆದರೆ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು, ಬಿಚ್ಚಿ, ನಾಲ್ಕು ತುಂಡುಗಳನ್ನು ಅವರ ಮುಂದೆ ಇಟ್ಟೆ. "ಬಂದ ದಿನಾನ ಮುರೀತು ಅಪ್ಪಾ. ನಾನ ಅದರ ಮ್ಯಾಲ ಕುಂತೆ" ಎಂದೆ. "ಇದ ಹಾಡಿಂದು ಬ್ಯಾರೇದು ಹುಡಿಕೀನಿ, ಆದರ ನಮ್ಮದರಂಗ ಇಲ್ಲ."

ಅಪ್ಪ ತುಂಡುಗಳನ್ನು ಜೋಡಿಸಿ ನೋಡಿದರು, ಕೆಟ್ಟ ಕೆಲಸವನ್ನು ಟರ್ನರ್ ನೋಡುವ ಹಾಗೆ, ಅಂಚಿನಿಂದ ಅಂಚಿಗೆ. "ಇಷ್ಟ ವರ್ಷ ಇದನ್ನ ಎದಿಮ್ಯಾಲ ಹೊತ್ತಿದ್ದೇನವಾ?" ಎಂದರು. ಅಷ್ಟೇ. ಆಮೇಲೆ, "ಬ್ಯಾರೇದು ಐತಂದಿ, ಕೇಳಸು."

ಎಲ್‌ಪಿ ಕೇಳಿದರು. ಹುಬ್ಬು ಗಂಟಾಯಿತು. ಬಾಗಿಲಲ್ಲಿ ನಿಂತಿದ್ದ ಟೀಚರ್ ತಡೆಯಲಾರದೆ, "ನಿಮ್ಮನೇದು ಒಂದೂಮುಕ್ಕಾಲು, ಇದು ಒಂದೂವರೆ. ಅದಕ್ಕೇ ನಿಮಗೂ ಹಿಡಿಸ್ತಿಲ್ಲ" ಎಂದು ಬಿರಡೆಯ ಕಥೆಯನ್ನೆಲ್ಲ ಹೇಳಿದರು. ಅಪ್ಪ ಕೇಳುತ್ತಾ ಕೇಳುತ್ತಾ ತೊಡೆ ತಟ್ಟಿಕೊಂಡು ನಗತೊಡಗಿದರು. ನಾನು ಗಾಬರಿಯಾದೆ.

"ಬುಶ್! ಮೋಟರಿನ ಬುಶ್ ಸವದಿತ್ರೀ, ಆ ಗಾರ್ಡ್ ಸಾಹೇಬರು ಕೊಟ್ಟಾಗ. ನಾನ ಹಿತ್ತಾಳಿದು ಒಂದ ಕಡದು ಹಾಕಿದೆ. ಅಂದಾಜಿನ ಮ್ಯಾಲ. ಒಂದ ಕೂದಲೆಳಿ ದಪ್ಪ ಆಗಿರಬೇಕು." ಕಣ್ಣು ಒರೆಸಿಕೊಂಡರು. "ಇಷ್ಟ ವರ್ಷ ಆ ಮನಷ್ಯಾನ್ನ ಓಡಿಸಿ ಓಡಿಸಿ ಊದಿಸೇನಿ!"

ಬುಶ್ ಎಂದರೆ ಮೋಟರಿನ ಕಡ್ಡಿಗೆ ತೊಡಿಸುವ ಪುಟ್ಟ ಬಳೆ. ದಪ್ಪವಾದಷ್ಟೂ ಪ್ಲೇಟು ಬೇಗ ತಿರುಗುತ್ತದೆ, ಶ್ರುತಿ ಏರುತ್ತದೆ. ನಮ್ಮ ಮನೆಯ ಭಜನೆ, ಸಿನಿಮಾ ಹಾಡು ಎಲ್ಲವೂ ಹಾಗೇ ಓಡಿರಬೇಕು. ನಮಗದೇ ಸಹಜವಾಗಿತ್ತು. ನಾನು ವರ್ಷಗಟ್ಟಲೆ ಅಂಗಡಿಗಳಲ್ಲಿ ಹುಡುಕಿದ್ದನ್ನು ಯಾವ ಕಂಪನಿಯೂ ಮಾಡಿರಲಿಲ್ಲ. ಮಾಡಿದ್ದವರು ಅಪ್ಪ, ಲೇತ್ ಮೇಲೆ.

ಅಪ್ಪ ಎಲ್‌ಪಿಯನ್ನು ಊರಿಗೆ ಒಯ್ದರು. ಭಾಯಿ ನನಗೆ ಇನ್ನೊಂದು ಪ್ರತಿ ಹುಡುಕಿಕೊಟ್ಟರು. ತಿಂಗಳಾಗುವುದರೊಳಗೆ ಅಂಚೆಯಲ್ಲಿ ಒಂದು ಡಬ್ಬಿ ಬಂತು. ಹತ್ತಿಯ ನಡುವೆ ಹಿತ್ತಾಳೆಯ ಬಳೆ, ಒಂದು ಸಾಲಿನ ಚೀಟಿ: 'ಇದನ್ನು ಹಚ್ಚಿ ನೋಡು.' ನನಗಾಗಿ ಇನ್ನೊಂದು ಕಡೆದಿದ್ದಾರೆ ಎಂದುಕೊಂಡೆ. ಹಚ್ಚಿ ಮುಳ್ಳು ಇಳಿಸಿದೆ. ಮಾಮಾ ಊಟ ಮಾಡಿ ಬಂದವನಂತೆ ಊದಿದ, ಉಸಿರಿನ ಸಮೇತ. ಜಗುಲಿಯಿಂದ ಟೀಚರ್ ಕೂಗಿದರು: "ಬಂದ್ಬಿಟ್ರು ನೋಡಿ, ಗೋಡೆ ಮೇಲಿನವರು!" ಮರುವಾರದಿಂದ ಅವರ ಶಿಷ್ಯೆಯರೂ ಭಾನುವಾರದ ಪಾಠ ಮುಗಿಸಿ ಹಿತ್ತಲಿಗೆ ಬರತೊಡಗಿದರು. ನಾನು ಅವರಿಗೆ ಮಂಡಕ್ಕಿ ಒಗ್ಗರಣೆ ಮಾಡಿ ಕೊಡುತ್ತೇನೆ. ಈಗ ಯಾರೂ 'ಯಾವುದಕ್ಕೆ' ಎಂದು ಕೇಳುವುದಿಲ್ಲ.

ದಸರೆಗೆ ಊರಿಗೆ ಹೋದೆ. ಓಣಿಯವರು "ಮಾತೆಲ್ಲಾ ಬೆಂಗಳೂರು ಆಗೇತಲ್ಲ" ಎಂದು ಕಾಡಿಸಿದರು. ಬೆಂಗಳೂರಿನಲ್ಲಿ ಇಂದಿಗೂ "ನಿಮ್ಮದು ಯಾವ ಕಡೆ?" ಎನ್ನುತ್ತಾರೆ. ಎರಡಕ್ಕೂ ನಕ್ಕು ಸುಮ್ಮನಾಗುವುದನ್ನು ಕಲಿತಿದ್ದೇನೆ. ಭಾನುವಾರ ಎಣ್ಣೆ ಸ್ನಾನವಾಯಿತು. ಅಪ್ಪ ತಲೆಗೆ ಪಂಚೆ ಸುತ್ತಿಕೊಂಡು ಹಸಿರು ಮುಚ್ಚಳ ತೆಗೆದು ಎಲ್‌ಪಿ ಹಾಕಿದರು. ಹಳೆಯ ಪಡಸಾಲೆಯಲ್ಲಿ, ಹಳೆಯ ಯಂತ್ರದಲ್ಲಿ ಅದನ್ನು ಕೇಳಬೇಕೆಂದು ನಾನು ಚಾಪೆ ಎಳೆದು ಕುಳಿತೆ.

ಬಂದದ್ದು ಒಂದೂವರೆ ಮನೆ. ಚಾಮರಾಜಪೇಟೆಯಲ್ಲಿ ವರ್ಷಗಟ್ಟಲೆ ನಾನು ಬೇಡವೆಂದು ಕುಳಿತ ಅದೇ ನಿಧಾನದ ದನಿ. ಆಶ್ಚರ್ಯವೆಂದರೆ, ಕೇಳುತ್ತಲೇ ನನಗೆ ಟೀಚರರ ಜಗುಲಿ, ಭಾಯಿಯ ಸಂದಿ, ನನ್ನ ಕೋಣೆಯ ಕಿಟಕಿ ನೆನಪಾದವು.

"ಇದೇನಪ್ಪಾ? ನಮ್ಮ ಬುಶ್ ಎಲ್ಲಿ?"

"ನಿನಗ ಕಳಿಸಿದ್ದು ಅದನ. ಇದಕ್ಕ ಹೊಸಾದು ಕಡದೇನಿ, ಈ ಸಲ ಅಳತಿ ಮಾಡಿ."

"ನಾ ನಮ್ಮನೀದು ಕೇಳಾಕ ಬಂದಿದ್ನಿ."

ಅಪ್ಪ ಮುಳ್ಳನ್ನು ಎತ್ತಲಿಲ್ಲ. "ನಮ್ಮನೀದು ನಿನ್ನ ಮನ್ಯಾಗ ಐತಲ್ಲವಾ," ಎಂದರು. "ನಿಂದು ಇಲ್ಲಿ ಇರ್ಲಿ."