ಮೋಲಿ ನನ್ನನ್ನು ದಾಟಿ ಹೋದದ್ದು

ಇಸವಿ ೧೯೨೯. ಸರ್ಕಾರಿ ಕಾಗದಗಳ ಲೆಕ್ಕದಲ್ಲಿ ಫಸಲಿ ೧೩೩೮. ನಿಜಾಮರ ರಾಜ್ಯದ ಕಲಬುರಗಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ಕೂಗಳತೆಯಲ್ಲಿದ್ದ ಒಂದು ಪಾಂಜರಪೋಳದಲ್ಲಿ ನಾನು ಲೇಡಿ ಸೂಪರ್‌ವೈಸರ್ ಆಗಿದ್ದೆ. ಹುದ್ದೆಯ ಹೆಸರು ಭಾರೀ ಗ್ರ್ಯಾಂಡ್. ಕೆಲಸ ಮಾತ್ರ ನಾಯಿಗಳ ಹುಣ್ಣು ತೊಳೆಯುವುದು, ಕಿವಿಗೆ ಎಣ್ಣೆ ಬಿಡುವುದು, ಮತ್ತು ಅವುಗಳಿಗೆ ಮನೆ ಹುಡುಕುವುದು.

ಪಾಂಜರಪೋಳ ಎಂದರೆ ಕಾಲು ಮುರಿದ, ಹಾಲು ಬತ್ತಿದ, ಹೊಲಕ್ಕೆ ಬಾರದಾದ ದನಗಳನ್ನು ವ್ಯಾಪಾರಸ್ಥರು ಧರ್ಮಕ್ಕೆಂದು ಸಾಕುವ ಜಾಗ. ನಮ್ಮಲ್ಲಿ ದನದ ಕೊಟ್ಟಿಗೆಗಳ ಹಿಂದೆ ನಾಯಿಗಳಿಗೂ ಒಂದು ಸಾಲು ಗೂಡುಗಳಿದ್ದವು. ರೈಲ್ವೆಯ ಸಾಹೇಬರು ವರ್ಗವಾದಾಗ, ವಿಲಾಯಿತಿಗೆ ಮರಳಿದಾಗ ಹಿಂದೆ ಬಿಟ್ಟುಹೋಗುವ ನಾಯಿಗಳಿಗಾಗಿ ಅವರ ಮೇಮ್‌ಸಾಹೇಬರು ಕಟ್ಟಿಸಿಕೊಟ್ಟದ್ದು ಅದು. ಆ ಮೇಮ್‌ಸಾಹೇಬರೊಡನೆ ಇಂಗ್ಲಿಷಿನಲ್ಲಿ ಮಾತಾಡಲು ಒಬ್ಬರು ಬೇಕಾಗಿತ್ತು, ನಾನು ಸಿಕ್ಕೆ. ಆಟದ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ನನ್ನನ್ನು ತಂದೆ ಊರಿನ ಮಾತಿಗೆ ಕಿವಿಗೊಡದೆ ಸಿಕಂದರಾಬಾದಿನ ಕಾನ್ವೆಂಟಿಗೆ ಹಾಕಿದ್ದರು. ಅವರು ತೀರಿಕೊಂಡ ಮೇಲೆ ಬ್ರಹ್ಮಪುರದಲ್ಲಿ ಅಣ್ಣನ ಮನೆಯಲ್ಲಿದ್ದೆ.

ಮೋಲಿ ಬಂದದ್ದು ಚಳಿಗಾಲದ ಕೊನೆಗೆ. ಅರ್ಧ ಸ್ಪ್ಯಾನಿಯಲ್, ಇನ್ನರ್ಧ ಏನೆಂದು ದೇವರಿಗೇ ಗೊತ್ತು. ಮೂತಿ ಪೂರ್ತಿ ನರೆತಿತ್ತು, ಒಂದು ಕಣ್ಣಿಗೆ ಪೊರೆ ಬರುತ್ತಿತ್ತು. ಅವಳ ಯಜಮಾನ ಸೇತುವೆಗಳ ಇಂಜಿನಿಯರು. ಕೆಲಸ ಮುಗಿಸಿ ಹಡಗು ಹಿಡಿಯಲು ಮುಂಬಯಿಗೆ ಹೊರಟವರು ಪ್ಲಾಟ್‌ಫಾರ್ಮಿನ ಮೇಲೆಯೇ ಅವಳನ್ನು ಕಟ್ಟಿದ್ದ ತೊಗಲಿನ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. “ಷಿ ಈಸ್ ಎ ಗುಡ್ ಗರ್ಲ್” ಎಂದರು. ಗಾಡಿ ಸೀಟಿ ಹಾಕಿ ಹೊರಟಿತು. ಮೋಲಿ ಪಟ್ಟಿ ಎಳೆದ ರಭಸಕ್ಕೆ ನನ್ನ ಅಂಗೈ ಸುಲಿದುಹೋಯಿತು.

ಅಂದಿನಿಂದ ರೈಲಿನ ಸೀಟಿ ಕೇಳಿದರೆ ಸಾಕು, ಮೋಲಿ ನಡುಗುತ್ತಿದ್ದಳು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು, ಗೂಡಿನ ಬಾಗಿಲನ್ನು ಉಗುರು ಕಿತ್ತು ರಕ್ತ ಬರುವಷ್ಟು ಕೆರೆಯುತ್ತಿದ್ದಳು. ಆಮೇಲೆ ಊಳು. ನಮ್ಮ ಕಸುಬಿನಲ್ಲಿ ಇಂಥದಕ್ಕೆ ನರ್ವಸ್ ಡಾಗ್ ಎನ್ನುತ್ತಿದ್ದೆವು. ಮೈಯಲ್ಲಿ ರೋಗವಿಲ್ಲ, ಭಯವೇ ರೋಗ. ಮುಂಬಯಿ–ಮದ್ರಾಸು ದಾರಿಯ ಸ್ಟೇಷನ್ನಿನ ಪಕ್ಕದಲ್ಲಿ ಅಂಥ ನಾಯಿಯ ಗತಿಯನ್ನು ನೀವೇ ಊಹಿಸಿಕೊಳ್ಳಿ.

ನನಗೆ ತಿಳಿದ ಉಪಚಾರ ಮಾಡಿದೆ. ಗಾಡಿಯ ಹೊತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಗೂಡಿಗೆ ಓಡುವುದು, ನೆಲದ ಮೇಲೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕಿವಿ ಮುಚ್ಚುವುದು, “ದೇರ್, ದೇರ್, ಮೈ ಡಿಯರ್” ಎನ್ನುತ್ತ ಗಾಡಿ ಹೋಗುವವರೆಗೂ ಕೂಡುವುದು. ಬರಬರುತ್ತ ಅವಳು ಸೀಟಿಗಿಂತ ಮುಂಚೆಯೇ ನನ್ನ ದಾರಿ ಕಾಯತೊಡಗಿದಳು. ಬೇರೆ ಯಾರು ಕರೆದರೂ ಬರಳು. ನನ್ನ ಸೀರೆಯ ಅಂಚನ್ನು ಹಲ್ಲಿನಲ್ಲಿ ಹಿಡಿದುಕೊಂಡೇ ಮಲಗುವಳು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಹಿಡಿದುಕೊಂಡಿರಲಿಲ್ಲ.

ಆದರೆ ಅವಳ ಊಳಿಗೆ ದನಗಳು ಬೆದರುತ್ತಿದ್ದವು. ಒಂದು ಮಧ್ಯಾಹ್ನ ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿಸಿಕೊಂಡಿದ್ದ ಆಕಳು ಗೂಟ ಕಿತ್ತುಕೊಂಡು ಬಿದ್ದು ಅದೇ ಕಾಲನ್ನು ಮತ್ತೆ ಮುರಿದುಕೊಂಡಿತು. ಪಾಂಜರಪೋಳದ ಮುನಶಿ ವೆಂಕಟರಾಯರು ನನ್ನ ಮೇಜಿನ ಮುಂದೆ ಬಂದು ನಿಂತರು.

“ಬಾಯಿಸಾಹೇಬ, ನಾವು ಜೀವಾ ತಗಿಯೂ ಮಂದಿ ಅಲ್ಲ. ಆದ್ರ ಯುಗಾದಿ ತನಕ ಆ ನಾಯಿಗೆ ಒಂದು ಮನಿ ನೋಡ್ರಿ. ಇಲ್ಲಾಂದ್ರ ನಾ ಗೇಟ್ ತಗೀತೀನಿ, ಅದು ಎಲ್ಲಿ ಬೇಕಾದಲ್ಲಿ ಹೋಗ್ಲಿ.”

ಗೇಟು ತೆಗೆಯುವುದು ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಬೇಸಿಗೆ ಹತ್ತಿರ ಬಂದಿತ್ತು. ಹುಚ್ಚುನಾಯಿಯ ಹೆದರಿಕೆ. ಜೊಲ್ಲು ಸುರಿಸುತ್ತ ನಡುಗುವ ಮುದಿ ನಾಯಿಯೊಂದು ರಸ್ತೆಯಲ್ಲಿ ಕಂಡರೆ ಜನ ಬಡಿಗೆ ತೆಗೆದುಕೊಳ್ಳದೆ ಬಿಡುತ್ತಿರಲಿಲ್ಲ.

ನಾನೇ ಒಯ್ಯಬಹುದಿತ್ತಲ್ಲ ಎಂದು ಕೇಳುತ್ತೀರಿ. ಅತ್ತಿಗೆಯನ್ನು ಕೇಳಿದೆ. ಅತ್ತಿಗೆ ಮಡಿಯುಟ್ಟು ಒಲೆಯ ಮುಂದಿದ್ದಳು. ತಿರುಗಿ ಕೂಡ ನೋಡದೆ, “ನೀವು ಅಲ್ಲಿಂದ ಬಂದ್ರನ ನಾ ನಿಮ್ಮನ್ನ ಬಚ್ಚಲದಾಗ ಹೊಗಸ್ತೀನಿ, ಇನ್ನ ಅದನ್ನೂ ತರ್ತೀರೇನು?” ಎಂದಳು. ಅಲ್ಲಿಗೆ ಆ ಚಾಪ್ಟರ್ ಕ್ಲೋಸ್.

ಮೊದಲು ಸಿಕ್ಕಿದ್ದು ಬ್ರಹ್ಮಪುರದ ಒಬ್ಬ ವಕೀಲರ ಮನೆ. ಒಳ್ಳೆಯ ಜನ. ನಾಯಿ ಕೊಡುವಾಗ ಹೇಳಬೇಕಾದ್ದನ್ನೆಲ್ಲ ಹೇಳಿದೆ: ಗಾಡಿಯ ಹೊತ್ತಿಗೆ ಯಾರಾದರೂ ಜೊತೆಗಿರಬೇಕು, ತಲೆ ತೊಡೆಯ ಮೇಲಿರಬೇಕು, ಕಿವಿ ಮುಚ್ಚಬೇಕು. ಅವರು ಅಕ್ಷರಶಃ ಪಾಲಿಸಿದರು. ವಕೀಲರು ಮುಕದ್ದಮೆಯ ಕಾಗದ ಬಿಟ್ಟು ಗಡಿಯಾರ ನೋಡುವರು, ಅವರ ಹೆಂಡತಿ ತಾಟು ಬಿಟ್ಟು ಏಳುವರು, ಮುದುಕಿ ತಾಯಿ “ಬಂತೇನ? ಬಂತೇನ?” ಎಂದು ಒಳಗಿನಿಂದ ಕೂಗುವರು. ಇಡೀ ಮನೆಯೇ ರೈಲಿಗೆ ಕಾಯತೊಡಗಿತು. ಮೋಲಿ ಮೊದಲಿಗಿಂತ ಹೆಚ್ಚು ನಡುಗಿದಳು. ಎಂಟೊಂಬತ್ತು ದಿನಕ್ಕೆ ಬೇಲಿ ಹಾರಿ, ಬಜಾರು ದಾಟಿ, ನನ್ನ ಮೇಜಿನ ಕೆಳಗೆ ಬಂದು ಬಿದ್ದಳು.

ವಕೀಲರು ಬಂದು ಕೈಮುಗಿದರು. “ಸೋತೆವ್ರಿ, ಬಾಯಿ. ಇದು ನಿಮ್ಮ ಹೊರತು ಯಾರ್ಕಡೆನೂ ಇರೂದಿಲ್ಲ.”

“ಐ ಆಮ್ ಸೋ ಸಾರಿ” ಎಂದೆ. ಮೇಜಿನ ಕೆಳಗೆ ಮೋಲಿ ನನ್ನ ಪಾದ ನೆಕ್ಕುತ್ತಿದ್ದಳು. ಸಾರಿ ಅಂತೂ ಆಗಿರಲಿಲ್ಲ.

ಯುಗಾದಿಗೆ ವಾರ ಉಳಿದಿರುವಾಗ ಕಮಲಾಪುರದಿಂದ ನೀಲಮ್ಮ ಸಾವ್ಕಾರ್ತಿ ಬಂದಳು. ಕೆಂಪು ಬಾಳೆಯ ತೋಟ, ಅಡತಿ ಅಂಗಡಿ, ದೊಡ್ಡ ಕುಟುಂಬ, ಅದಕ್ಕಿಂತ ದೊಡ್ಡ ಗಂಟಲು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ತನ್ನದೊಂದು ಮುದಿ ಎತ್ತನ್ನು ನಮ್ಮಲ್ಲಿ ಬಿಡಲು ಬಂದಿದ್ದಳು. ಮುನಶಿಯವರೊಡನೆ ಮಾತಾಡುತ್ತಿರುವಾಗ ಮೇಲ್ ಗಾಡಿ ಬಂತು. ಮೋಲಿ ಊಳಿಟ್ಟಳು, ನಾನು ಓಡಿದೆ. ಬೆನ್ನ ಹಿಂದೆಯೇ ಸಾವ್ಕಾರ್ತಿ ಬಂದು ನಿಂತಳು.

“ಎಪ್ಪಾ, ಏನ್ ಧ್ವನಿರೀ ಇದರದು! ಯಾರ್ದಿದು?”

“ಯಾರದೂ ಅಲ್ಲ. ಮನೆ ಹುಡುಕುತ್ತಿದ್ದೇವೆ.”

“ನಂಗ ಕೊಡ್ರಿ. ತ್ವಾಟಕ್ಕ ಹಂದಿ ಬಂದು ಬಾಳಿ ಬುಡಾ ಕೆದರಿ ಹಾಕಾಕತ್ಯಾವ. ನಮ್ಮೂರ ನಾಯಿ ಬೊಗಳಿದ್ರ ಹಂದಿ ನಿಂತು ಕೇಳ್ತಾವ. ಈ ಧ್ವನಿ ಕೇಳಿದ್ರ ಮಹಾಗಾಂವ ದಾಟಿ ಓಡ್ತಾವ ನೋಡ್ರಿ!”

ಮುದಿಯಾಗಿದೆ ಎಂದೆ. “ನಾ ಏನ್ ಹರೇದಾಕಿ ಅದೀನೇನು?” ಎಂದಳು. ಒಂದು ಕಣ್ಣು ಕಾಣದು ಎಂದೆ. “ಹಂದಿ ಏನ್ ಸೂಜೀನಾ, ಕಾಣದಂಗ ಹೋಗಾಕ?” ಎಂದಳು. ನರ್ವಸ್ ಟೆಂಪರಮೆಂಟ್, ಬಹಳ ಪ್ರೀತಿಯಿಂದ ನೋಡಬೇಕು ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಪ್ರೀತಿ ಮಾಡಾಕ ಪುರಸೊತ್ತಿಲ್ರಿ ನಂಗ. ರೊಟ್ಟಿ ಹಾಕ್ತೀನಿ” ಎಂದಳು.

ನನಗೆ ಕೊಡಲು ಮನಸ್ಸಿರಲಿಲ್ಲ. ಆದರೆ ಮುನಶಿಯವರು ಅಷ್ಟರಲ್ಲೇ ಗೂಡಿನ ಅಗುಳಿ ತೆಗೆದಿದ್ದರು. ನನ್ನ ಕೈಯಲ್ಲಿ ಉಳಿದಿದ್ದ ಅಧಿಕಾರ ಒಂದೇ, ನಮ್ಮ ಪಾಂಜರಪೋಳದ ಪದ್ಧತಿಯಂತೆ ಒಂದು ತಿಂಗಳ ಟ್ರಯಲ್. ತಿಂಗಳಾದ ಮೇಲೆ ನಾನು ಹೋಗಿ ನೋಡಬೇಕು. ನನಗೆ ತೃಪ್ತಿಯಾಗದಿದ್ದರೆ ನಾಯಿಯನ್ನು ವಾಪಸ್ ತರಬಹುದು. ತಂದರೆ ಗೇಟಿನ ಪ್ರಶ್ನೆ ಮತ್ತೆ ಏಳುತ್ತದೆ ಎಂಬುದನ್ನು ನಾನು ಆಗ ಯೋಚಿಸಲು ಒಪ್ಪಲಿಲ್ಲ. ಊರೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರಿನಲ್ಲಿ ಸಾವ್ಕಾರ್ತಿಯ ಕಾಲ ಬಳಿ, ಬೆಲ್ಲದ ಪೆಂಟಿಗಳ ನಡುವೆ ಮೋಲಿಯನ್ನು ಕೂಡಿಸಿದೆವು. ಮೋಟಾರು ತಿರುವು ದಾಟುವವರೆಗೂ ಅವಳು ನನ್ನನ್ನೇ ನೋಡಿದಳು. ಆ ನೋಟವನ್ನು ನಾನು ಒಂದು ತಿಂಗಳ ಕಾಲ ಗಂಟು ಕಟ್ಟಿಕೊಂಡಿದ್ದೆ.

ಆ ತಿಂಗಳಲ್ಲಿ ಗಾಡಿಯ ಸೀಟಿ ಕೇಳಿದಾಗಲೆಲ್ಲ ಏಳುತ್ತಿದ್ದವಳು ನಾನು. ಎದ್ದು, ಹೋಗಲು ಜಾಗವಿಲ್ಲದೆ ಮತ್ತೆ ಕೂಡುತ್ತಿದ್ದೆ. ಕಮಲಾಪುರಕ್ಕೆ ರೈಲಿಲ್ಲ, ಆದರೆ ರಸ್ತೆಯ ಮೋಟಾರಿನ ಹಾರ್ನಿಗೂ ಮೋಲಿ ಬೆದರದೆ ಇದ್ದಾಳೆಯೇ? ಆಗ ಸಾವ್ಕಾರ್ತಿ ಏನು ಮಾಡುತ್ತಿರಬಹುದು? ಆ ದಪ್ಪ ಕೈ ಮೋಲಿಯ ಕಿವಿ ಮುಚ್ಚುತ್ತಿರಬಹುದೇ? ಮೋಲಿ ಅವಳ ಸೆರಗು ಕಚ್ಚಿರಬಹುದೇ? ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಏಳು ಮಹಾಪಾಪಗಳನ್ನು ಬಾಯಿಪಾಠ ಮಾಡಿಸಿದ್ದರು. ಹೊಟ್ಟೆಕಿಚ್ಚು ಅವುಗಳಲ್ಲಿ ಯಾವ ರುಚಿಯೂ ಇಲ್ಲದ ಪಾಪ ಎನ್ನುತ್ತಿದ್ದರು. ನಿಜ. ಅನ್ನ ಕೂಡ ರುಚಿಸುತ್ತಿರಲಿಲ್ಲ.

ತಿಂಗಳು ತುಂಬಿದ ಮರುದಿನವೇ ಹೊರಟೆ. ಕೈಚೀಲದಲ್ಲಿ ಮೋಲಿಯ ಹಳೆಯ ತೊಗಲಿನ ಪಟ್ಟಿ ಇಟ್ಟುಕೊಂಡಿದ್ದೆ. ಮಹಾಗಾಂವದಲ್ಲಿ ಮೋಟಾರು ನೀರು ಕುಡಿಯಲು ನಿಂತಾಗ ಪಟ್ಟಿ ಚೀಲದಲ್ಲಿದೆಯೇ ಎಂದು ಮುಟ್ಟಿ ನೋಡಿದೆ. ಕಮಲಾಪುರ ಮುಟ್ಟಿದಾಗ ಬಿಸಿಲು ಏರಿತ್ತು. ತೋಟ ರಸ್ತೆಯ ಪಕ್ಕದಲ್ಲೇ. ಚಾಲಕ ತಿರುಗಿ ಹೋಗುವಾಗ ಅಲ್ಲೇ ಬಂದು ಕರೆಯುತ್ತೇನೆಂದ.

ಸಾವ್ಕಾರ್ತಿ ಬಾಳೆಯ ನೆರಳಿನಲ್ಲಿ ಕೂತು ಕುಡಗೋಲಿನಿಂದ ಒಣಗಿದ ಎಲೆ ಸವರುತ್ತಿದ್ದಳು. “ಬರ್ರಿ, ಬರ್ರಿ! ಮಗಳ್ನ ನೋಡಾಕ ಬಂದ್ರೇನು? ಏ ಮಲ್ಲವ್ವಾ, ನಿಮ್ಮವ್ವ ಬಂದಾಳ ನೋಡ!”

ಮಲ್ಲವ್ವ. ಮೋಲಿ ಎಂಬ ಹೆಸರನ್ನೂ ಸಾವ್ಕಾರ್ತಿ ಬದಲಿಸಿಬಿಟ್ಟಿದ್ದಳು. ಆ ಹೆಸರಿಗೆ ಮೋಲಿ ಕಾಲುವೆಯ ಬದುವಿನಿಂದ ಎದ್ದು ಬಂದಳು. ಬಾಲ ಅಲ್ಲಾಡಿಸಿದಳು, ನನ್ನ ಕೈ ಮೂಸಿದಳು, ಗುರುತು ಹಿಡಿದಳು, ಸಂದೇಹವಿಲ್ಲ. ಮತ್ತೆ ಹೋಗಿ ಬದುವಿನ ಮೇಲೆ ಒದ್ದೆ ಮಣ್ಣಿನಲ್ಲಿ ಹೊಟ್ಟೆ ಚಾಚಿ ಮಲಗಿದಳು. ನೆಂಟರ ಮನೆಯವರನ್ನು ಮಾತಾಡಿಸಿದ ಹಾಗೆ.

ನಾನು ಇನ್‌ಸ್ಪೆಕ್ಷನ್ ಶುರುಮಾಡಿದೆ. ಪಕ್ಕೆಲುಬು ಮುಟ್ಟಿದೆ, ಮಾಂಸ ತುಂಬಿತ್ತು. ಉಗುರು ನೋಡಿದೆ, ಕಿತ್ತ ಉಗುರುಗಳೆಲ್ಲ ಮರಳಿ ಬೆಳೆದಿದ್ದವು. ನೀರಿನ ಗಡಿಗೆ ನೋಡಿದೆ. ತಪ್ಪು ಸಿಗಲಿಲ್ಲ. ಕೊನೆಗೆ ಕೇಳಿದೆ, “ಹಂದಿಗಳನ್ನು ಓಡಿಸುತ್ತಾಳೆಯೇ?”

“ಎಲ್ಲಿದು! ಬಂದಾಗಿಂದ ಒಂದ್ ದಿನಾ ಬಾಯಿ ಬಿಚ್ಚಿಲ್ಲ ನಿಮ್ಮ ಮಗಳು. ಮೊನ್ನಿ ಹಂದಿ ಬಂದು ಇದರ ಮುಂದನ ಗಡ್ಡಿ ತಿಂದು ಹೋಗ್ಯಾವ. ಇದು ಮಲ್ಕೊಂಡು ನೋಡ್ಯದ.”

ನಾನು ಇದೇ ಮಾತಿಗೆ ಕಾದಿದ್ದೆ. “ಹಾಗಾದರೆ ನಿಮ್ಮ ಕೆಲಸಕ್ಕೆ ಬರಲಿಲ್ಲ. ಬೇಜಾರಿಲ್ಲ, ನಾನು ಕರೆದುಕೊಂಡು ಹೋಗುತ್ತೇನೆ” ಎಂದು ಚೀಲಕ್ಕೆ ಕೈಹಾಕಿದೆ.

ಸಾವ್ಕಾರ್ತಿ ಕುಡಗೋಲು ನಿಲ್ಲಿಸಿದಳು. “ಯಾಕ್ರಿ? ನಮ್ಮನ್ಯಾಗ ಕುಂತು ಉಣ್ಣವ್ರು ಇನ್ನೂ ಮೂರ್ ಮಂದಿ ಅದಾರ. ನಮ್ಮ ಮೈದುನನ್ನೂ ಒಯ್ತೀರೇನು?”

ನಗು ಬರಬೇಕಾಗಿತ್ತು, ಬರಲಿಲ್ಲ. ಅವಳು ಕಟ್ಟೆಯ ಮೇಲಿದ್ದ ತಂಬಿಗೆ ಮುಂದಕ್ಕೆ ಸರಿಸಿದಳು. ಬಾಯಾರಿಕೆಯಿಂದ ಗಂಟಲು ಒಣಗಿತ್ತು, ಆದರೂ ಬೇಡವೆಂದೆ. ಮಡಿಯ ಮಾತಿರಲಿಲ್ಲ, ನಾನು ಕಾನ್ವೆಂಟಿನ ಮೇಜಿನಲ್ಲಿ ಉಂಡವಳು. ಆ ಹೆಂಗಸಿನ ಕೈಯಿಂದ ಏನನ್ನೂ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೇ. ಅವಳು ಬೇರೆಯೇ ತಿಳಿದುಕೊಂಡಳು.

“ಹೌದ್ಬಿಡ್ರಿ, ಮಗಳ್ನ ಕೊಟ್ಟ ಮನ್ಯಾಗ ತಾಯಿ ನೀರು ಕುಡೀಬಾರ್ದು. ನಮ್ಮವ್ವನೂ ನಂಗ ಮಗ ಹುಟ್ಟೂತನಕ ಒಂದ್ ಹನಿ ಮುಟ್ಟಲಿಲ್ಲ. ಮಲ್ಲವ್ವಗ ಇನ್ನ ಮಕ್ಕಳು ಆಗೂದಿಲ್ಲ, ನೀವು ಹಿಂಗ ಬಾಯಿ ಒಣಗಿಸಿಕೊಂಡ ಹೋಗಬೇಕ್ರಿ!” ಎಂದು ನಕ್ಕು ಮತ್ತೆ ಎಲೆ ಸವರತೊಡಗಿದಳು.

ನಾನು ಮಗಳನ್ನು ಕೊಟ್ಟ ತಾಯಿಯಂತೆ. ಏಳು ವರ್ಷಕ್ಕೆ ಕುಂಕುಮ ಅಳಿಸಿಕೊಂಡ ನನಗೆ ಆ ಸ್ಥಾನ ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ರಸ್ತೆಯಲ್ಲಿ ಮೋಟಾರು ಬಂದು ನಿಂತಿತು. ಚಾಲಕ ರಬ್ಬರಿನ ಹಾರ್ನನ್ನು ಉದ್ದಕ್ಕೆ ಹಿಂಡಿದ. ಮೋಲಿ ಗಕ್ಕನೆ ಎದ್ದು ನಿಂತಳು. ಕಿವಿ ಹಿಂದಕ್ಕೆ ಹೋದವು, ಬೆನ್ನಿನ ಮೇಲೆ ಆ ನಡುಕ ಓಡಿತು. ನನಗೆ ಗೊತ್ತಿದ್ದ ನಡುಕ. ನಾನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು, ತೊಡೆ ಹಾಸಿ, ಎರಡೂ ಕೈ ಚಾಚಿದೆ. “ಮೋಲಿ! ಕಮ್, ಮೈ ಡಿಯರ್!”

ಅವಳು ನನ್ನ ಕಡೆಗೇ ಬಂದಳು. ನನ್ನ ಕೈಬೆರಳುಗಳಿಗೆ ಅವಳ ಮೈ ಸೋಕಿತು. ಸೋಕಿ, ದಾಟಿ ಹೋದಳು. ಎಲೆ ಸವರುತ್ತಿದ್ದ ಸಾವ್ಕಾರ್ತಿಯ ಹತ್ತಿರ ನಿಂತಳು. ಸಾವ್ಕಾರ್ತಿ ತಲೆ ಕೂಡ ಎತ್ತಲಿಲ್ಲ, ಕುಡಗೋಲು ನಿಲ್ಲಲಿಲ್ಲ. ಕಾಲನ್ನು ಸ್ವಲ್ಪ ಆಚೆ ಸರಿಸಿ ಜಾಗ ಮಾಡಿದಳು. ಮೋಲಿ ಆ ಒಡೆದ ಪಾದದ ಮೇಲೆ ಗದ್ದ ಊರಿ ಮಲಗಿದಳು. ಚಾಲಕ ಎರಡನೆಯ ಸಲ ಹಾರ್ನ್ ಒತ್ತಿದ. ಕಿವಿಯೊಂದು ಅಲ್ಲಾಡಿತು. ನಡುಕ ಬರಲಿಲ್ಲ.

ಮೋಲಿಯ ಜೊತೆ ನಾನೂ ಪ್ರತಿದಿನ ರೈಲಿಗೆ ಹೆದರುತ್ತಿದ್ದೆನೆಂದು ನನಗೆ ಹೊಳೆದದ್ದು ಅಲ್ಲಿ, ಮಣ್ಣಿನಲ್ಲಿ ಕೂತಾಗ. ಎದ್ದು ಓಡಿಬರುವ ನನ್ನನ್ನು ನೋಡಿಯೇ ಅವಳಿಗೆ ಏನೋ ಕೇಡು ಬರುತ್ತಿದೆ ಎಂದು ಖಾತ್ರಿಯಾಗುತ್ತಿತ್ತು. ಎದ್ದೇ ಏಳದ ಈ ಹೆಂಗಸಿನ ಪಕ್ಕದಲ್ಲಿ ಹೆದರಲು ಕಾರಣವೇ ಇರಲಿಲ್ಲ. ಮೋಲಿ ನನ್ನ ಸೀರೆ ಹಿಡಿದು ಮಲಗಿದ್ದು ಭಯದಿಂದ. ಭಯ ಹೋಯಿತು, ಹಿಡಿತವೂ ಹೋಯಿತು.

ಸೀರೆಯ ಮಣ್ಣು ಕೊಡವಿಕೊಂಡು ಎದ್ದೆ. ಚೀಲದಿಂದ ಪಟ್ಟಿಯನ್ನು ತೆಗೆದು ಸಾವ್ಕಾರ್ತಿಗೆ ಕೊಟ್ಟೆ. “ಇದು ಅವಳದು. ಇಲ್ಲೇ ಇರಲಿ.”

“ಕಟ್ಟಾಕ ಬ್ಯಾಡ್ರಿ, ಎಲ್ಲಿ ಹೋಗ್ತಾಳ ಆಕಿ” ಎಂದವಳು ತೊಗಲನ್ನು ಎಳೆದು ನೋಡಿ, “ಗಟ್ಟಿ ಅದ” ಎಂದು ಭಾರಕ್ಕೆ ಬಾಗಿದ್ದ ಗೊನೆಯೊಂದನ್ನು ಆಸರೆಯ ಕೋಲಿಗೆ ಬಿಗಿದಳು. ವಿಲಾಯಿತಿಯ ಹಿತ್ತಾಳೆಯ ಬಕಲ್ಲು ಕೆಂಪು ಬಾಳೆಯ ಪಕ್ಕದಲ್ಲಿ ಹೊಳೆಯಿತು. ನನ್ನ ಉಡಿಗೆ ಎರಡು ಹಣ್ಣು ಹಾಕಿದಳು. ನೀರಿಗೆ ನಿಷೇಧ, ಹಣ್ಣಿಗಿಲ್ಲವಂತೆ.

ಆಮೇಲೆ ಆ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಹೊಸದಾಗಿ ಬಂದವರು, ನಾಯಿಗೆ ಮನೆ ಒಗ್ಗಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳುತ್ತಿದ್ದರು. ಎಲುಬು ನೋಡಿ, ಉಗುರು ನೋಡಿ, ನೀರು ನೋಡಿ ಎನ್ನುತ್ತಿದ್ದೆ. ಕೊನೆಗೆ ಕೆಳಗೆ ಕೂತು ಕೈ ಚಾಚಿ ಕರೆಯಿರಿ. ನಿಮ್ಮ ತೊಡೆಗೆ ಬಂದು ಬಿದ್ದರೆ ಇನ್ನೂ ಮನೆ ಸಿಕ್ಕಿಲ್ಲ, ಕರೆದುಕೊಂಡು ಬನ್ನಿ. ದಾಟಿ ಹೋದರೆ ಕೆಲಸ ಮುಗಿದಿದೆ, ಎದ್ದು ಬನ್ನಿ.

ಅಂದು ಮಹಾಗಾಂವ ಬರುವವರೆಗೂ ಹಣ್ಣು ಮುಟ್ಟಲಿಲ್ಲ. ಆಮೇಲೆ ಹಸಿವು ತಡೆಯದೆ ತಿಂದೆ. ಆ ಹೆಂಗಸಿನ ಬಾಳೆಹಣ್ಣು, ಹಾಳಾದ್ದು, ನಾನು ತಿಂದವುಗಳಲ್ಲೆಲ್ಲ ಸಿಹಿಯಾಗಿತ್ತು.