ಈರುಳ್ಳಿ ಸಿಪ್ಪೆಯ ಹುಂಜ

ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದುದರಿಂದ ಬೀದಿಯವರಿಗೆಲ್ಲ ಅವಳು ಗುಂಡಿಯಕ್ಕ. ಗಂಡ ಬಸ್ ಡ್ರೈವರ್. ಒಬ್ಬಳೇ ಮಗಳು, ಹುಟ್ಟಿನಿಂದಲೇ ಹೃದಯದ ತೊಂದರೆ. ಓಡಬಾರದು, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಕೂತಲ್ಲೇ ಕೂತ ಮಗುವಿಗೆ ಹೊತ್ತು ಹೋಗಬೇಕಲ್ಲ. ಗುಂಡಿಯಕ್ಕ ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಉದುರಿದ ಎಲೆಗಳನ್ನು ಖಾಲಿ ಊಟದ ಡಬ್ಬಿಯಲ್ಲಿ ತುಂಬಿ ತರುತ್ತಿದ್ದಳು. ಊಟದ ಮೇಜಿನ ಮೇಲೆ ತಾಯಿ ಮಗಳು ಚಿತ್ರ ಜೋಡಿಸುತ್ತಿದ್ದರು. ಮಗಳಿಗೆ ಹುಂಜವೇ ಇಷ್ಟ. ಮೈಗೆ ಈರುಳ್ಳಿ ಸಿಪ್ಪೆ, ಬಾಲಕ್ಕೆ ಎಲೆ, ಜುಟ್ಟಿಗೆ ಕೆಂಪು ಹೂವಿನ ಎಸಳು, ಕಾಲ ಕೆಳಗೆ ಒಣಗಿಸಿದ ಚಹಾಪುಡಿಯ ಮಣ್ಣು. ಅಪ್ಪ ಇಣುಕಿ ನೋಡಿ, ಇದು ಹುಂಜವೋ ನಮ್ಮ ಡಿಪೋ ಮ್ಯಾನೇಜರೋ ಎಂದು ಕೇಳಿದರೆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೊನೆಗೆ ಅವಳದು ಒಂದೇ ಹಟ.

"ಫ್ಯಾನ್ ಹಾಕಮ್ಮ. ಹಾರಿ ಹೋಗ್ಲಿ."

ಹುಂಜ ಕೋಣೆ ತುಂಬ ಚೆಲ್ಲಾಪಿಲ್ಲಿಯಾಗುತ್ತಿತ್ತು. ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಗುಡಿಸುವ ಪಾಡು ತಾಯಿಯದು.

ಆಪರೇಷನ್ನಿಗೆ ಒಳಗೆ ಹೋದ ಮಗಳು ಜೀವಂತವಾಗಿ ಹೊರಗೆ ಬರಲಿಲ್ಲ.

ಗುಂಡಿಯಕ್ಕ ಯಾರೆದುರೂ ಅಳಲಿಲ್ಲ. ಕೆಲಸಕ್ಕೆ ಹೋದಳು, ಬಂದಳು. ಒಂದು ಸಂಜೆ ಒಬ್ಬಳೇ ಕೂತು ಹುಂಜ ಜೋಡಿಸಿದಳು. ಫ್ಯಾನ್ ಮಾತ್ರ ಹಾಕಲಿಲ್ಲ. ಅಂದಿನಿಂದ ಗಂಡ ಹೆಂಡತಿ ನೆಲದ ಮೇಲೆ ಕೂತು ಉಣ್ಣತೊಡಗಿದರು. ಬೇಸಿಗೆ ಬಂತು. ಬೆವರಿನಲ್ಲಿ ತೊಯ್ದು ಹೋದರೂ ಸ್ವಿಚ್ಚಿನ ಹತ್ತಿರ ಯಾರ ಕೈಯೂ ಹೋಗಲಿಲ್ಲ. ಎಸಳು ಕಪ್ಪಾಯಿತು, ಎಲೆ ಸುರುಟಿತು.

ಒಂದು ಮಧ್ಯಾಹ್ನ, ಉರಿಬಿಸಿಲಲ್ಲಿ ಬಸ್ ಓಡಿಸಿ ಬಂದವನು ತಲೆ ಸುತ್ತಿ ಗೋಡೆಗೊರಗಿ ಕುಸಿದ. ಮುಖ ಬಿಳಿಚಿಕೊಂಡಿತ್ತು, ಕರೆದರೆ ಓಗೊಡಲಿಲ್ಲ. ಗುಂಡಿಯಕ್ಕ ಅವನ ಅಂಗಿಯ ಗುಂಡಿ ಬಿಚ್ಚಿದಳು, ಮುಖಕ್ಕೆ ನೀರು ಚಿಮುಕಿಸಿದಳು, ಎದ್ದು ಹೋಗಿ ಫ್ಯಾನ್ ಹಾಕಿದಳು. ಕಣ್ಣು ಬಿಟ್ಟಾಗ ಅವನ ಎದೆಯ ಮೇಲೆಲ್ಲ ಸಿಪ್ಪೆ.

"ಅಯ್ಯೋ, ಹುಂಜ ಹೋಯ್ತಲ್ಲೇ," ಎಂದ.

"ಹೋಗ್ಲಿ ಬಿಡ್ರಿ. ನೀವು ನೀರು ಕುಡೀರಿ."

ಅವಳು ಲೋಟವನ್ನು ಅವನ ಬಾಯಿಗೆ ಹಿಡಿದಳು. ಕಟ್ಟಿಕೊಂಡಿದ್ದ ಅಳು ಆಗ ಒಡೆಯಿತು. ಅಂದು ಕಸ ಗುಡಿಸಿದವನು ಅವನೇ.

ಅವನು ಚೇತರಿಸಿಕೊಂಡ. ಮೇಜಿನ ಮೇಲೆ ಮತ್ತೆ ಊಟ ಬಡಿಸತೊಡಗಿದಳು. ವಾರದ ರಜೆಯಲ್ಲೊಮ್ಮೆ ಅವನು ಕರವಸ್ತ್ರದಲ್ಲಿ ಒಂದಿಷ್ಟು ಹಳದಿ ಎಲೆ ಕಟ್ಟಿ ತಂದು ಅವಳ ಮುಂದಿಟ್ಟ. ಅವಳು ಒಂದನ್ನೆತ್ತಿ ಸೀರೆಗೆ ಒರೆಸಿ ನೋಡಿದಳು.

"ಇವತ್ತು ಬೇಡ ರೀ," ಎಂದಳು.

ಅವನು ಬಲವಂತ ಮಾಡಲಿಲ್ಲ. ಎಲೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅನ್ನಕ್ಕೆ ನೀರಿಡಲು ಒಳಗೆ ಹೋದ.