ಬ್ರಿಜಿಟ್ ಬಾಯಮ್ಮ ಮತ್ತು ನಿಧಾನದ ಕಂಪ್ಯೂಟರ್

ಬಹ್ರೈನಿನ ಗುದೈಬಿಯಾದ ನಮ್ಮ ಕ್ಲಿನಿಕ್ಕಿಗೆ ಬಂದವರು ಮೊದಲು ಕಾಣುತ್ತಿದ್ದುದು ಬ್ರಿಜಿಟ್ ಬಾಯಮ್ಮನ ಮುಖ, ಡಾಕ್ಟರರದ್ದು ಆಮೇಲೆ. ಬಾಯಮ್ಮ ಉಡುಪಿ ಹತ್ತಿರದ ಶಿರ್ವದ ಕಡೆಯವರು. ರಿಸೆಪ್ಶನ್ನಿನಲ್ಲಿ ಕುಳಿತು ಹಿಂದಿ, ಅರಬಿ, ತುಳು, ಕೊಂಕಣಿ, ಯಾರಿಗೆ ಯಾವುದು ತಿಳಿಯುತ್ತದೋ ಅದರಲ್ಲೇ ಗದರುತ್ತಿದ್ದರು. ಗದರಿಸಿಕೊಂಡವರೇ ಮತ್ತೆ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಔಷಧಿ ಕೌಂಟರಿನ ನನಗೂ ಆ ಬೈಗುಳದಲ್ಲಿ ಪಾಲಿತ್ತು.

ತೊಂಬತ್ತಾರರಲ್ಲಿ ಡಾಕ್ಟರ್ ಶಾಹುಲ್ ಹಮೀದ್ ರೋಗಿಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದರು. ಪ್ರೋಗ್ರಾಂ ಬರೆದವನು ಉಡುಪಿಯ ವಸಂತಕುಮಾರ. ಒಂದು ಕಂಪ್ಯೂಟರ್ ಡಾಕ್ಟರರ ಕೋಣೆಯಲ್ಲಿ, ಇನ್ನೊಂದು ಬಾಯಮ್ಮನ ಮೇಜಿನ ಮೇಲೆ, ನಡುವೆ ಗೋಡೆಗುಂಟ ಒಂದು ಕೇಬಲ್. ಅಂದಿನಿಂದ ಬಾಯಮ್ಮನ ಗ್ರಹಚಾರ ಕೆಟ್ಟಿತು. ಹಳೆಯ ರೋಗಿಯ ಹೆಸರು ಒತ್ತಿದರೆ ಪರದೆಯ ಮೇಲೆ ಮರಳು ಗಡಿಯಾರ ಬಂದು ಕೂರುತ್ತಿತ್ತು, ಏಳುತ್ತಿರಲಿಲ್ಲ. ಸಾಲು ಮೆಟ್ಟಿಲಿನವರೆಗೆ ಇಳಿಯಿತು. ಕಾದು ಬೇಸತ್ತವರು ಬೇರೆ ಕ್ಲಿನಿಕ್ಕಿಗೆ ಹೊರಟುಹೋದರು.

ಡಾಕ್ಟರರು ತಮ್ಮ ಕೋಣೆಯಲ್ಲಿ ಅದೇ ಹೆಸರು ಒತ್ತಿ ನೋಡಿದರು. ರೆಪ್ಪೆ ಮಿಟುಕಿಸುವುದರೊಳಗೆ ಬಂತು. ವಸಂತಕುಮಾರನನ್ನು ಕರೆಸಿದರೆ ಅವನೂ ಅಲ್ಲೇ ತಂಪಿಗೆ ಕುಳಿತು, ಚಹಾ ಕುಡಿದು, ಎಲ್ಲ ಸರಿಯಿದೆ ಎಂದು ಹೇಳಿ ಹೋದ. ಹಾಗಾದರೆ ತಪ್ಪು ಬಾಯಮ್ಮನ ಕೈಯದ್ದೇ. ಕಂಪ್ಯೂಟರೇ ನಿಧಾನ ಎಂದು ಅವರು ಹೇಳಿದಾಗ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಡಾಕ್ಟರರು ನಕ್ಕರು. ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಬಾಯಮ್ಮನ ವೀಸಾ ಮುಗಿಯುತ್ತಲೇ ಟೈಪಿಂಗ್ ಬಲ್ಲ ಬೇರೊಬ್ಬಳನ್ನು ನೋಡುವುದಾಗಿ ಹೇಳಿಬಿಟ್ಟರು. ಬಾಯಮ್ಮನ ಗಂಡ ರೊಕಿ ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡು ಮನೆಯಲ್ಲಿದ್ದ. ಈ ಕೆಲಸವೂ ಹೋದರೆ ಇಬ್ಬರೂ ಊರಿಗೆ ಹೊರಡಬೇಕಿತ್ತು.

ನನಗೆ ಸಿಟ್ಟು ಬಂದದ್ದು ಡಾಕ್ಟರರಿಗಿಂತ ಹೆಚ್ಚಾಗಿ ಬಾಯಮ್ಮನ ಮೇಲೆ. ಅವರೂ ಅದನ್ನು ನಂಬಿಬಿಟ್ಟಿದ್ದರು. ಬಿಡುವಾದಾಗಲೆಲ್ಲ ಬೆರಳು ಮಡಚಿ ಬಿಡಿಸಿ, ವಯಸ್ಸಾಯಿತು ಎನ್ನುತ್ತಿದ್ದರು.

ಬಿಲ್ಲಿನ ಏನೋ ಕೆಲಸಕ್ಕೆಂದು ವಸಂತಕುಮಾರ ಮತ್ತೆ ಬಂದ ದಿನ, ಒಳಗೆ ಬುರ್ಖಾದ ಹೆಂಗಸೊಬ್ಬರ ತಪಾಸಣೆ ನಡೆದಿತ್ತು. ಹೊರಗಿನ ಗಂಡಸು ಒಳಗೆ ಕಾಲಿಡುವಂತಿಲ್ಲ. ಅವನಿಗೋ ಅವಸರ. ಬಾಯಮ್ಮ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅವನು ಒಂದು ಹೆಸರು ಒತ್ತಿ ಕಾದ. ಮತ್ತೆ ಒತ್ತಿದ. ಕುತ್ತಿಗೆ ಕೆರೆದುಕೊಂಡ.

"ಬಾಯಮ್ಮ, ದಿನಾ ಹೀಗೆಯಾ?"

"ಹೌದು ಮಾರಾಯ. ನನ್ನ ಕೈ ಸರಿ ಇಲ್ಲ ಅಂತ ಹೇಳಿದ್ರಲ್ಲ ನೀವೆಲ್ಲ."

ಸಂಗತಿ ಇಷ್ಟೆ. ವಿವರವೆಲ್ಲ ಇದ್ದುದು ಡಾಕ್ಟರರ ಕಂಪ್ಯೂಟರಿನೊಳಗೆ. ಅಲ್ಲಿ ಕುಳಿತವರಿಗೆ ಅದು ಕೈಗೆಟಕುವ ಡಬ್ಬ. ಆದರೆ ಬಾಯಮ್ಮ ಹೊರಗಿನಿಂದ ಒಬ್ಬರ ಹೆಸರು ಒತ್ತಿದರೆ ಪ್ರೋಗ್ರಾಂ ಸಾವಿರಾರು ರೋಗಿಗಳನ್ನು ಆ ಬಡಪಾಯಿ ಕೇಬಲಿನಲ್ಲಿ ಎಳೆದುತಂದು, ಆಮೇಲೆ ಬೇಕಾದವರನ್ನು ಹುಡುಕುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಅದೂ ಕ್ಲಿನಿಕ್ಕಿನಲ್ಲಿ.

ವಸಂತಕುಮಾರ ಅಲ್ಲೇ ಕುಳಿತು, ಹೆಸರಿನ ಬದಲು ಗುರುತುಚೀಟಿಯ ಸಿಪಿಆರ್ ನಂಬರು ಕೇಳುವಂತೆ ಮಾಡಿದ. ಬಹ್ರೈನಿನಲ್ಲಿ ಮದುವೆಯ ದಿನ ಮರೆತವರಿಗೂ ಆ ನಂಬರು ಬಾಯಿಪಾಠ. ನಂಬರುಗಳಿಗೆ ಪುಸ್ತಕದ ಕೊನೆಯ ಸೂಚಿಯಂತೆ ಇಂಡೆಕ್ಸ್ ಹಾಕಿ, ಇನ್ನು ಎಲ್ಲರನ್ನೂ ಎಳೆದುತರುವುದಿಲ್ಲ, ಕೇಳಿದವರಷ್ಟೇ ಬರುತ್ತಾರೆ ಎಂದ. ತಪ್ಪು ತನ್ನದೆಂದು ಡಾಕ್ಟರರಿಗೂ ಹೇಳಿದ; ಅದಕ್ಕಾಗಿ ಅವನಿಗೆ ನನ್ನಿಂದ ಅರ್ಧ ಕ್ಷಮೆ.

ಡಾಕ್ಟರರು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ, ಟ್ಯಾಕ್ಸಿಯ ಮೊಯಿದಿನ್ ಕೆಮ್ಮುತ್ತ ಬಂದು ನಂಬರು ಹೇಳಿದ. ಬಾಯಮ್ಮ ಒತ್ತಿದರು. ಬೆರಳು ಎತ್ತುವ ಮೊದಲೇ ಅವನ ವಿವರ ಬಂದು ನಿಂತಿತು. ನಾಳೆ ಪಾಸ್‌ಪೋರ್ಟ್ ತನ್ನಿ, ವೀಸಾ ಮುಂದುವರಿಸಲು ಕೊಡಬೇಕು ಎಂದು ಬಾಯಮ್ಮನಿಗೆ ಹೇಳಿ ಡಾಕ್ಟರರು ತಲೆ ತಗ್ಗಿಸಿ ಒಳಗೆ ಹೋದರು. ಬಾಯಮ್ಮ ಪರದೆ ನೋಡುತ್ತಲೇ ಅತ್ತುಬಿಟ್ಟರು.

ಮೊಯಿದಿನ್ ಗಾಬರಿಯಾಗಿ, ತನಗೇನಾದರೂ ದೊಡ್ಡ ಕಾಯಿಲೆ ಬಂದಿದೆ ಎಂದು ಅದರಲ್ಲಿ ಬರೆದಿದೆಯಾ ಎಂದು ಕೇಳಿದ.

"ನಿಮ್ಗೆ ಎಂತದೂ ಇಲ್ಲ ಮೊಯಿದಿನಾಕ," ಎಂದು ಬಾಯಮ್ಮ ಕಣ್ಣೊರೆಸಿಕೊಂಡರು. "ನಂಗೂ ಎಂತದೂ ಇಲ್ಲ."